ಚಿಮಣಿಗೆ ಎರಡು ಬಾಯಿ

ಗೌಂಡಿ ದಸ್ತಗೀರ ಬಗ್ಗಿ, ಒಲಿಬಾಯಾಗ ತಲಿ ಹಾಕಿ
ಮ್ಯಾಲ ನೋಡಿದ.
ಮಾರಿಮ್ಯಾಲ ಒಂದು ಹಿಡಿ ಮಸಿ ಬಿತ್ತು.
'ಮುಚ್ಚೂದೇನು ದೊಡ್ಡದಲ್ಲ ಅಕ್ಕಾರ,
ಮೂವತ್ತು ಇಟ್ಟಂಗಿ, ಅರ್ಧ ಚೀಲ ಸಿಮೆಂಟ, ಒಂದು ಹಗಲು.
ಯಾಕ ಮುಚ್ಚತೀರಿ, ಅದನ್ನ ಹೇಳ್ರಿ.'

ಥಂಡಿ, ಅಂದೆ.
ಬೆಳಗಾವಿ ಕ್ಯಾಂಪಿನ ಆಷಾಢದ ಗಾಳಿ ನಿನಗೇನು ಹೊಸಾದೇನು?
ಹೇಳದ ಕೇಳದ ಇಳಿದು ಬರತೈತಿ,
ಬಾಡಿಗಿ ಕೊಡದ ಬಿಡಾರ ಹೂಡಿದವರ ಹಾಂಗ.
ದೀಪಾ ಹಚ್ಚಿದ್ರ ಆರಸತೈತಿ, ಮೊಣಕಾಲು ಹಿಡೀತಾವು.
ಹೋದ ವರ್ಷ ಒಂದು ಕಾಗಿ ಬಿದ್ದು
ಮೂರು ದಿನ ಒಳಗ ಫಡಫಡ ಅಂತು.
ಯಾವ ಸಾಹೇಬ ಕಟ್ಟಿಸಿದನೋ ತನ್ನ ಊರ ಚಳಿ ನೆನಸಿ,
ಅಪ್ಪ ಕೊಂಡಾಗಿಂದ ಅದರಾಗ ಒಂದು ಕಟಗಿ ಉರಿದಿಲ್ಲ.
ಅವ್ವ ಅಲ್ಲಿ ಉಳ್ಳಾಗಡ್ಡಿ ಇಡತಿದ್ಲು.

ಇಷ್ಟು ಹೇಳಿದೆ. ಖರೆ ಹೇಳಲಿಲ್ಲ.

ಅಜ್ಜಿ ಇದ್ದಾಗ ಕೇಳತಿದ್ಲು:
'ಚಿಮಣಿ ಅಂದ್ರ ಯಾವ ಚಿಮಣಿ?
ಎಣ್ಣೀ ಚಿಮಣಿಯೋ, ಅಂಗಳದಾಗ ಅಕ್ಕಿ ಹೆಕ್ಕೂ ಚಿಮಣಿಯೋ?'
ನಮ್ಮ ಮಾತಿನ್ಯಾಗ ದೀಪ, ಮರಾಠ್ಯಾಗ ಗುಬ್ಬಿ,
ಸಾಹೇಬನ ಮಾತಿನ್ಯಾಗ ಹೊಗಿ ಹೋಗೂ ದಾರಿ.
ನಾನೂ ಇಂದೂ ಬಿದ್ದು ಬಿದ್ದು ನಗತಿದ್ವಿ.
ಒಂದು ಕೊಳವಿಗೆ ಎರಡು ಬಾಯಿ, ಬೆನ್ನಿಗೆ ಬೆನ್ನು ಹಚ್ಚಿ.
ನಾ ಪಡಸಾಲಿ ಕಡೆ, ಅಕಿ ಮಲಗೂ ಖೋಲಿ ಕಡೆ,
ತಲಿ ಹಾಕಿ 'ಚಿಂವ್' ಅಂದ್ರ
ದನಿ ಮ್ಯಾಲ ಹೋಗಿ, ಮಸಿ ಬಳಕೊಂಡು,
ದಪ್ಪಾಗಿ ಇಳಿದು ಬರತಿತ್ತು.

ಅಪ್ಪ ಹೋದ ಮ್ಯಾಲ ಮನಿ ಹೋಳಾತು.
ಮೋಜಣಿದಾರ ಟೇಪ ಹಿಡಿದು ಸರಿ ನಡುವ ಗೆರಿ ಎಳೆದ.
ಬಾವಿ ಅಕಿ ಪಾಲಿಗೆ, ಹುಣಸಿ ಗಿಡ ನನ್ನ ಪಾಲಿಗೆ.
ಹಣ್ಣು ಬೀಳೂದು ಮಾತ್ರ ಅಕಿ ಅಂಗಳದಾಗ;
ಕೇಸ ನಡದಿದ್ದು ಅದಕ್ಕ, ಒಂಬತ್ತು ವರ್ಷ.
ಬಾಗಲಾ ಇದ್ದಲ್ಲೆಲ್ಲ ಇಟ್ಟಂಗಿ ಬಂತು.
ಚಿಮಣಿ ಮಾತ್ರ ಯಾವ ಕಾಗದದಾಗೂ ಬರಲಿಲ್ಲ.

ಅದಕ್ಕ ಈಗ ಎಲ್ಲಾ ಕೇಳತೈತಿ.
ಅಕಿ ಕುಕ್ಕರಿನ ಸೀಟಿ: ಬ್ಯಾಳಿಗೆ ಮೂರು, ಅವರಿಕಾಳಿಗೆ ಐದು.
ಅಕಿ ಕೆಮ್ಮು.
ಫೋನಿನ್ಯಾಗ ಮಂದಿಗೆ ನನ್ನ ಬಗ್ಗೆ ಹೇಳೂದು,
ಅರ್ಧ ಸುಳ್ಳು, ಅರ್ಧ ನಾ ಮರೆತಿದ್ದು.
ರಾತ್ರಿ ಎರಡಕ್ಕ ಗುಳಿಗಿ ಹಾಳಿ ಹರಿಯೂ ಸಪ್ಪಳ.
ನನ್ನ ಕಡೆಯಿಂದ ಅಕಿಗೆ ಏನೇನು ಕೇಳತೈತೋ,
ಅದನ್ನ ನೆನಸಿ ಬಾಯಿ ಮುಚ್ಚಿಕೊಂಡು ಬದುಕೇನಿ.

ಥಂಡಿ, ಅಂದೆ.

ದಸ್ತಗೀರ ಮಾರಿ ಒರಸಿಕೊಂಡ.
'ಪೂರಾ ಮುಚ್ಚಬ್ಯಾಡ್ರಿ. ಮ್ಯಾಲ ತಗಡಿನ ಟೊಪಗಿ ಹಾಕೋಣು,
ಮಳಿ ಇಳೀಬಾರದು, ಗಾಳಿ ಆಡಬೇಕು.
ಕೆಳಗ ಒಂದು ಜಾಳಿ, ಅಂಗೈಯಷ್ಟು.
ಇಲ್ಲಂದ್ರ ಒಳಗ ತ್ಯಾವ ಕುಂತು ಗ್ವಾಡಿ ಬೆವರತೈತಿ,
ಗಿಲಾವು ಉಬ್ಬಿ ಉದರತೈತಿ, ಎರಡೂ ಕಡೆ.'
'ಎರಡೂ ಕಡೆ?'
'ಹೂಂ. ನಿನ್ನೆ ಅಲ್ಲೂ ಇದನ್ನ ಹೇಳಿ ಬಂದೇನಿ.'

ನಿನ್ನೆ ನಾ ಪಿಂಚಣಿಗೆ ಬ್ಯಾಂಕಿಗೆ ಹೋಗಿದ್ದೆ.
ನಾ ಇಲ್ಲದ್ದು ಅಕಿಗೆ ಚಿಮಣಿಯೊಳಗಿಂದ ಕೇಳಿರಬೇಕು.

'ಏನಂದ್ಲು?'
'ಜಾಳಿಗೆ ಎಷ್ಟಾಗತೈತಿ ಅಂದ್ರು.
ಆಮ್ಯಾಲ, ಆಚೆ ಕಡೆದವರು ಪೂರಾ ಮುಚ್ಚಿಬಿಟ್ರ
ಏನು ಮಾಡೂದು ಅಂದ್ರು.'

ನಾ ಬಟ್ಟು ಮಡಿಚಿ ಲೆಕ್ಕ ಹಾಕಿದಂಗ ಮಾಡಿದೆ.
ಟೊಪಗಿ ಒಂದೇ. ಖರ್ಚು ಎರಡು ಪಾಲು ಆಗಬೇಕಲ್ಲ,
ಅದಕ್ಕಾದ್ರೂ ಮಾತಾಡಬೇಕಲ್ಲ.
'ಸೋಮವಾರ ಬಾ,' ಅಂದೆ.

ಅಂವ ಹೋದ ಮ್ಯಾಲ ಒಲಿಬಾಯಿ ಮುಂದ ಕುಂತೆ.
ಗಾಳಿ ಇಳೀತಿತ್ತು. ಅತ್ತ ಕಡೆ ಸೀಟಿ,
ಒಂದು, ಎರಡು, ಮೂರು.
ನಾಕು. ಐದೂ ಆತು.
ಅಕಿ ಗ್ಯಾಸ ಆರಸಲಿಲ್ಲ. ಕೆಮ್ಮೂ ಕೇಳಲಿಲ್ಲ.
ಆರು.
ಮೊಣಕಾಲು ಊರಿ, ಬಗ್ಗಿ, ತಲಿ ಹಾಕಿದೆ:
'ಇಂದೂ, ಬ್ಯಾಳಿ ಹತ್ತತೈತಿ ನೋಡ.'

ಒಂದು ಹಿಡಿ ಮಸಿ.
ಆಮ್ಯಾಲ ಸುಮಾರು ಹೊತ್ತು ಏನಿಲ್ಲ.
ಆಮ್ಯಾಲ, ದಪ್ಪಾಗಿ:
'ಬ್ಯಾಳಿ ಅಲ್ಲ. ಕಡ್ಲಿ.
ಎಂಟು ಬೇಕು.'